ಒಂದು ಡಮ್ಮಿ ಗುಂಡಿನ ಧೈರ್ಯ

ನನಗೆ ಸದ್ದೆಂದರೆ ಭಯ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಹಲ್ಲಿಗೆ ಹೆದರುವವರಿದ್ದಾರೆ, ಇಂಜೆಕ್ಷನ್ನಿಗೆ ಹೆದರುವವರಿದ್ದಾರೆ, ಅತ್ತೆಗೆ ಹೆದರುವವರಂತೂ ಮನೆಮನೆಯಲ್ಲೂ ಇದ್ದಾರೆ. ಅವರೆಲ್ಲ ತಮ್ಮ ಭಯವನ್ನು ಸಾಕಿಕೊಂಡು ಸುಖವಾಗಿಯೇ ಇದ್ದಾರೆ. ನನ್ನ ಕಷ್ಟ ಏನೆಂದರೆ, ನಾನು ಪೊಲೀಸ್ ಹೆಡ್ ಕಾನ್‌ಸ್ಟೇಬಲ್. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಸಣ್ಣಗೆ ಉಸ್ಸೆನ್ನುತ್ತದಲ್ಲ, ಅಷ್ಟು ಹೊತ್ತಿಗೆ ನಾನು ಹಿತ್ತಲಿನಲ್ಲಿರುತ್ತೇನೆ. ಒಲೆ ಆರಿಸುವುದು ನನ್ನ ಯಜಮಾನರ ಕೆಲಸ. ಅವರು ಧರ್ಮಪುರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಹೆಂಡತಿಯ ಭಯವನ್ನು ಊರಿಗೆಲ್ಲ ಹೇಳದಿರುವಷ್ಟು ಒಳ್ಳೆಯವರು, ನನಗೆ ದಿನಕ್ಕೊಮ್ಮೆ ನೆನಪಿಸದಿರುವಷ್ಟು ಒಳ್ಳೆಯವರಲ್ಲ.

ನಮ್ಮತ್ತೆಗಂತೂ ಇದು ಗೊತ್ತೇ ಇಲ್ಲ; ಕುಕ್ಕರ್ ಇಟ್ಟಾಗಲೆಲ್ಲ ನಾನು ಹಿತ್ತಲಿಗೆ ಹೋಗುವುದು ತುಳಸಿಗೆ ನೀರೆರೆಯಲು ಎಂದು ನಂಬಿದ್ದಾರೆ. ಅವರು ಹಿರಿಯೂರಿನ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರ ಪಾಡು ಮುಗಿಯಿತು. "ನಮ್ಮ ಸೊಸೆ ಬಂದೂಕ ಹಿಡಿದ್ಲು ಅಂದ್ರೆ, ಹಾರೋ ಗುಬ್ಬೀಗೆ ಯಾವ ರೆಕ್ಕೆಗೆ ಹೊಡೀಲವ್ವಾ ಅಂತ ಕೇಳ್ತಾಳೆ" ಎಂದು ಶುರುಮಾಡುತ್ತಾರೆ. ಕೇಳಿದವರು ನನ್ನನ್ನು ನೋಡಿದಾಗ ತಾವಾಗಿಯೇ ಸೀಟು ಬಿಟ್ಟುಕೊಡುತ್ತಾರೆ. ಆ ಸೀಟಿನಲ್ಲಿ ನಾನು ಮುಳ್ಳಿನ ಮೇಲೆ ಕೂತಂತೆ ಕೂತಿರುತ್ತೇನೆ.

ವರ್ಷವೆಲ್ಲ ನನ್ನದು ಕೋರ್ಟ್ ಡ್ಯೂಟಿ. ಸಮನ್ಸು, ವಾರಂಟು, ಸಾಕ್ಷಿಗಳನ್ನು ಹುಡುಕಿ ತರುವುದು. ಅಲ್ಲಿ ಸದ್ದು ಮಾಡುವವರು ವಕೀಲರು ಮಾತ್ರ. ಆದರೆ ವರ್ಷಕ್ಕೊಮ್ಮೆ ಚಿತ್ರದುರ್ಗದ ಹೊರಗೆ ಗುಡ್ಡದ ಬುಡದಲ್ಲಿರುವ ರೇಂಜಿಗೆ ಹೋಗಿ ಗುಂಡು ಹಾರಿಸಲೇಬೇಕು. ಇಷ್ಟು ವರ್ಷ ಹಳೇ ಬೋಲ್ಟ್ ರೈಫಲ್ಲು ಸಿಗುತ್ತಿತ್ತು. ಒಂದು ಗುಂಡು ಹಾರಿಸಿ, ಬೋಲ್ಟ್ ಎಳೆದು, ಮತ್ತೆ ತಳ್ಳುವಷ್ಟರಲ್ಲಿ ನೆನೆಯಬೇಕಾದ ದೇವರನ್ನೆಲ್ಲ ನೆನೆದು ಮುಗಿಸಬಹುದಿತ್ತು. ಈ ಸಲ ಎಸ್ಎಲ್ಆರ್ ರೈಫಲ್ಲು ಎಂದರು. ಅದು ಒಂದು ಗುಂಡು ಹಾರಿದ ಕ್ಷಣವೇ ಮುಂದಿನದನ್ನು ತಾನೇ ತುಂಬಿಕೊಂಡು ತಯಾರಾಗಿ ಕೂರುತ್ತದೆ. ಬಂದೂಕಿಗೆ ಇಷ್ಟೊಂದು ಉತ್ಸಾಹ ಯಾಕಿರಬೇಕೋ ನನಗೆ ಅರ್ಥವಾಗಿಲ್ಲ.

ಇದರ ಮೇಲೆ ಇನ್ನೊಂದು ಗಂಡಾಂತರ. ದೂರದ ಗುರಿ, ಮುನ್ನೂರು ಗಜ. ಅದರಲ್ಲಿ ಫೇಲಾದವರು ಒಂದು ವಾರ ಅಲ್ಲೇ ಉಳಿದು ಬೆಳಿಗ್ಗೆ ಸಂಜೆ ಫೈರಿಂಗ್ ಅಭ್ಯಾಸ ಮಾಡಬೇಕೆಂದು ಆದೇಶವಾಯಿತು. ಗುಂಡಿಗೆ ಹೆದರಿ ಗುರಿ ತಪ್ಪಿಸಿದವಳಿಗೆ ಶಿಕ್ಷೆ ಇನ್ನಷ್ಟು ಗುಂಡು! ಒಂದು ವಾರ ಅದನ್ನು ಅನುಭವಿಸುವುದಕ್ಕಿಂತ ರಾಜೀನಾಮೆ ಬರೆದು ಶೇಂಗಾ ಬಿಡಿಸಲು ಹೋಗುವುದೇ ವಾಸಿ ಎಂದು ನಿಜಕ್ಕೂ ಯೋಚಿಸಿದ್ದೆ. ಹಿಂದಿನ ದಿನ ಅನ್ನ ಸೇರಲಿಲ್ಲ. ಅತ್ತೆ ಮಾತ್ರ ನನ್ನ ಹಣೆಗೆ ವಿಭೂತಿ ಹಚ್ಚಿ, "ಎಲ್ಲಾರನ್ನೂ ಸೋಲ್ಸಿ ಬಾ" ಎಂದು ಕಳಿಸಿದರು.

ರೇಂಜಿನಲ್ಲಿ ಕಲಿಸುವವರು ಆರ್‌ಎಸ್‌ಐ ತಿಪ್ಪೇಸ್ವಾಮಿ. ದಪ್ಪ ಮೀಸೆ, ಮೆಲ್ಲಗಿನ ಮಾತು. ಬೆಳಿಗ್ಗೆ ನನ್ನನ್ನು ಮರಳಿನ ಚೀಲದ ಹಿಂದೆ ಬೋರಲು ಮಲಗಿಸಿ ಪಾಠ ಮಾಡಿದರು. "ಗಂಗಮ್ಮೋರೆ, ಉಸಿರು ಅರ್ಧ ಬಿಟ್ಟು ನಿಲ್ಸ್ರಿ. ಟ್ರಿಗರ್ ಎಳೀಬ್ಯಾಡ್ರಿ, ಮೆಲ್ಲಕೆ ಒತ್ತಿಕಂತ ಹೋಗ್ರಿ. ಗುಂಡು ಹೊಂಟಿದ್ದು ನಿಮಗೇ ಗೊತ್ತಾಗಬಾರ್ದು." ಗೊತ್ತಾಗದಂತೆ ಹೋಗಲು ಅದೇನು ಬೆಕ್ಕೇ? ನಾನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಎಳೆದೆ. ಗುರಿಹಲಗೆ ನಿಶ್ಚಿಂತೆಯಾಗಿ ನಿಂತಿತ್ತು. ಎರಡನೆಯದೂ ಹಾಗೇ. ಆಗ ತಿಪ್ಪೇಸ್ವಾಮಿ ರೈಫಲ್ಲು ಇಸಿದುಕೊಂಡು, ಅತ್ತ ತಿರುಗಿ ಏನೋ ತುಂಬಿ ಕೊಟ್ಟರು. ಒತ್ತಿದೆ. ಟಿಕ್ ಎಂದಿತು, ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ನನ್ನ ಹೆಗಲು ಮಾತ್ರ ಮೊಳ ಹಿಂದೆ ಹೋಗಿತ್ತು.

"ನೋಡಿದ್ರಾ? ಒಳಗಿದ್ದಿದ್ದು ಡಮ್ಮಿ, ಮದ್ದಿಲ್ಲದ್ದು. ಬಂದೂಕ ಸುಮ್ಕೈತೆ, ನೀವೇ ಹಾರಿದ್ರಿ" ಎಂದರು. ಪಕ್ಕದಲ್ಲಿ ಕೂತಿದ್ದ ಕಾನ್‌ಸ್ಟೇಬಲ್ ರತ್ನಮ್ಮ ಬಾಯಿಗೆ ಟೋಪಿ ಅಡ್ಡ ಹಿಡಿದು ನಕ್ಕಳು.

ರತ್ನಮ್ಮನ ಟೋಪಿಯ ವಿಷಯ ಇಲ್ಲೇ ಹೇಳಬೇಕು. ಈ ರೈಫಲ್ಲು ಪ್ರತಿ ಗುಂಡಿಗೂ ಖಾಲಿ ಕೇಸನ್ನು, ಅಂದರೆ ಗುಂಡಿನ ಹಿತ್ತಾಳೆ ಚಿಪ್ಪನ್ನು, ಬಲಕ್ಕೆ ದೂರ ಎಸೆಯುತ್ತದೆ. ಹಾರಿಸಿದಷ್ಟೂ ಗುಂಡಿನ ಖಾಲಿ ಕೇಸುಗಳು ವಾಪಸು ಲೆಕ್ಕಕ್ಕೆ ಬರಬೇಕು. ಒಂದು ಕಡಿಮೆಯಾದರೂ ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ, ಸಾಹೇಬರೂ ಸೇರಿ. ರೇಂಜಿನ ತುಂಬ ಜಾಲಿ ಮುಳ್ಳು. ಅದಕ್ಕೇ ಗುಂಡು ಹಾರಿಸುವವರ ಬಲಗಡೆ ಒಬ್ಬರು ಟೋಪಿ ಒಡ್ಡಿ ಕೂತು, ಹಾರಿಬಂದ ಕೇಸನ್ನು ಹಿಡಿಯುವುದು ನಮ್ಮಲ್ಲಿ ರೂಢಿ. ರತ್ನಮ್ಮ ಇದರಲ್ಲಿ ಎತ್ತಿದ ಕೈ.

ಮಧ್ಯಾಹ್ನ ಪರೀಕ್ಷೆ. ಐದು ಗುಂಡು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವುದನ್ನು ನೋಡಿ ಎಲ್ಲರೂ ಗಾಳಿಯ ಲೆಕ್ಕ ಹಾಕುತ್ತಿದ್ದರು. ನನ್ನ ತಲೆ ಗಾಳಿಯಿಲ್ಲದೆಯೇ ತಿರುಗುತ್ತಿತ್ತು. ಅಂಗೈ ಒದ್ದೆ, ಕಿವಿಯಲ್ಲಿ ತುರುಕಿದ ಹತ್ತಿಯೂ ಒದ್ದೆ. ತಿಪ್ಪೇಸ್ವಾಮಿ ಗುಂಡಿನ ಮ್ಯಾಗಜಿನ್ ತಾವೇ ತುಂಬಿ ತಂದು, ಬಗ್ಗಿ ಮೆಲ್ಲಗೆ ಹೇಳಿದರು: "ಇದರಾಗೂ ಒಂದು ಡಮ್ಮಿ ಐತೆ. ಯಾವುದು ಅಂತ ಹೇಳಾಕಿಲ್ಲ. ಹೆದರಬ್ಯಾಡ್ರಿ."

ಮುಳುಗುತ್ತಿದ್ದವಳಿಗೆ ಅಷ್ಟು ಸಾಕಾಗಿತ್ತು. ಮೊದಲನೆಯದೇ ಡಮ್ಮಿ ಇರಬೇಕು ಎಂದುಕೊಂಡೆ. ಉಸಿರು ಅರ್ಧ ಬಿಟ್ಟೆ, ಮೆಲ್ಲಗೆ ಒತ್ತಿದೆ. ಢಂ! ಇರಲಿ, ಹಾಗಾದರೆ ಎರಡನೆಯದು. ಅದೂ ಢಂ. ಮೂರನೆಯದು, ನಾಲ್ಕನೆಯದು. ಆಶ್ಚರ್ಯವೆಂದರೆ ಒಂದೊಂದು ಹಾರಿದಂತೆ ನನ್ನ ಧೈರ್ಯ ಹೆಚ್ಚುತ್ತ ಹೋಯಿತು, ಏಕೆಂದರೆ ಡಮ್ಮಿ ಹತ್ತಿರ ಬರುತ್ತಿತ್ತು. ನಾಲ್ಕೂ ಮುಗಿದ ಮೇಲೆ ಅನುಮಾನವೇ ಉಳಿಯಲಿಲ್ಲ. "ರತ್ನಾ, ಕೊನೇದು ಡಮ್ಮಿ ಕಣೇ, ಕೈ ನೋಯಿಸ್ಕೋಬ್ಯಾಡ" ಎಂದೆ. ಅವಳು ಹಿಡಿದ ಕೇಸುಗಳನ್ನು ಜೇಬಿಗೆ ಸುರಿದು, ಟೋಪಿ ತಲೆಗಿಟ್ಟುಕೊಂಡು, "ಮುಗೀತು ಬಿಡಕ್ಕ, ಊಟಕ್ಕೆ ಹೋಗಾಣ" ಎಂದಳು. ನಾನು ಜೀವನದಲ್ಲಿ ಮೊದಲ ಬಾರಿಗೆ ಎರಡು ಕಣ್ಣನ್ನೂ ಬಿಟ್ಟು, ಬಂದೂಕಿನ ಮುಂದಿನ ಮೊನೆಯನ್ನು ಗುರಿಯ ನಟ್ಟನಡುವೆ ಇಟ್ಟು, ದೋಸೆ ಮಗುಚುವಷ್ಟು ನಿರಾಳವಾಗಿ ಒತ್ತಿದೆ.

ಢಂ!

ನಾನು ಕಿರುಚಿದ್ದು ಸುತ್ತಲಿನವರಿಗೆಲ್ಲ ಕೇಳಿಸಿತಂತೆ. ಗುರಿಹಲಗೆಯ ಬುಡದ ಗುಂಡಿಯಲ್ಲಿ ಕೂತು ಏಟು ನೋಡುವವರು ಬಾವುಟ ಬೀಸಿದರು: ನಟ್ಟನಡುವೆ. ಉಳಿದ ನಾಲ್ಕೂ ಅಂಚಿನಿಂದ ಒಳಕ್ಕೆ ಬರುತ್ತ ಬಂದಿದ್ದವು. ಪಾಸಾಗಿದ್ದೆ! ಖುಷಿಪಡುವುದರೊಳಗೆ ರತ್ನಮ್ಮ ಜೇಬಿನ ಕೇಸುಗಳನ್ನು ತೆಗೆದು ಎಣಿಸಿದಳು. ನಾಲ್ಕೇ ಕೇಸು.

ಆಮೇಲೆ ನಡೆದದ್ದನ್ನು ಏನು ಹೇಳಲಿ. ನಾಲ್ಕು ತಾಲ್ಲೂಕಿನ ಪೊಲೀಸರು ಹಸಿದ ಹೊಟ್ಟೆಯಲ್ಲಿ, ಉರಿಬಿಸಿಲಿನಲ್ಲಿ, ಜಾಲಿ ಮುಳ್ಳಿನ ನಡುವೆ ಮೊಣಕಾಲೂರಿ ಹುಡುಕಿದರು. ಹೊಳಲ್ಕೆರೆಯವನೊಬ್ಬ, "ಯಾರಪ್ಪಾ ಆ ಪುಣ್ಯಾತ್‌ಗಿತ್ತಿ?" ಎಂದು ಕೇಳುತ್ತಿದ್ದ. ನಾನೂ ಅವನ ಜೊತೆ ಯಾರಿರಬಹುದೆಂದು ಯೋಚಿಸುವವಳಂತೆ ತಲೆಯಾಡಿಸಿದೆ. ಪಕ್ಕದಲ್ಲೇ ತಿಪ್ಪೇಸ್ವಾಮಿ ಮೀಸೆಗೆ ಮಣ್ಣು ಮಾಡಿಕೊಂಡು ತೆವಳುತ್ತಿದ್ದರು.

"ಸಾರ್, ಆ ಡಮ್ಮಿ ಎಲ್ಲೋಯ್ತು?" ಎಂದೆ.

"ಹಾಕಿದ್ರಲ್ವೇನಮ್ಮ ಇರೋದು? ಪರೀಕ್ಷೇಲಿ ಡಮ್ಮಿ ಹಾಕಿದ್ರೆ ನನ್ನ ಕೆಲಸ ಉಳೀತಿತ್ತಾ?" ಎಂದರು ತಲೆಯೆತ್ತದೆ.

ಅಂದರೆ ಐದಕ್ಕೆ ಐದೂ ನಿಜ! ಹಾರಿಹೋದ ಗುಂಡುಗಳಿಗೆ ನನಗೆ ಈಗ ಹೆದರಿಕೆ ಶುರುವಾಯಿತು. ಇದ್ದಲ್ಲೇ ಧೊಪ್ಪನೆ ಕೂತೆ. ಕೂತ ಜಾಗದಲ್ಲಿ ಏನೋ ಒತ್ತಿತು. ತೆಗೆದು ನೋಡಿದರೆ ಕೇಸು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದಿಗೂ ಬೆಚ್ಚಿಬಿದ್ದೆ.

ಒಂದು ವಾರದ ಶಿಕ್ಷೆ ತಪ್ಪಿತಲ್ಲ ಎಂದು ನೆಮ್ಮದಿಯಿಂದ ಬಸ್ಸು ಹತ್ತುವಾಗ ಫೋನು ಬಂತು. ಜಿಲ್ಲೆಯ ಮಹಿಳಾ ತಂಡಕ್ಕೆ ದೂರದ ಗುರಿ ಹೊಡೆಯುವವರು ಬೇಕಂತೆ, ನನ್ನ ಹೆಸರು ಹೋಗಿದೆಯಂತೆ. ಸ್ಪರ್ಧೆಗೆ ಮುಂಚೆ ಒಂದು ತಿಂಗಳು ಅಭ್ಯಾಸ, ಬೆಳಿಗ್ಗೆ ಸಂಜೆ. ಸುದ್ದಿ ಕೇಳಿ ಅತ್ತೆ ಹೋಳಿಗೆ ಮಾಡಿದರು. ಯಜಮಾನರು ಒಲೆ ಆರಿಸಲು ಎದ್ದವರು ನಗುತ್ತ ಅಲ್ಲೇ ಕೂತುಬಿಟ್ಟರು. ಕುಕ್ಕರ್ ಸೀಟಿ ಹೊಡೆಯಿತು, ನಾನು ಹಿತ್ತಲಿಗೆ ಓಡಿದೆ.

ಹಿತ್ತಲಿನಿಂದಲೇ ತಿಪ್ಪೇಸ್ವಾಮಿಯವರಿಗೆ ಫೋನು ಮಾಡಿ ನನ್ನ ಕೈಲಾಗದು ಎಂದೆ. "ಹೆದರಬ್ಯಾಡ್ರಿ ಗಂಗಮ್ಮೋರೆ, ದಿನಾ ಒಂದು ಡಮ್ಮಿ ಹಾಕಿರ್ತೀನಿ" ಎಂದರು.

ಅವರು ಹಾಕುವುದಿಲ್ಲವೆಂದು ನನಗೆ ಗೊತ್ತು. ನನಗೆ ಗೊತ್ತೆಂಬುದು ಅವರಿಗೂ ಗೊತ್ತು. ಆದರೂ ಗೋಡೆಯ ಕಡೆ ತಿರುಗಿ, ಯಾರಿಗೂ ಕೇಳಿಸದಂತೆ, "ಸತ್ಯವಾಗ್ಲೂ ಹಾಕಿರ್ತೀರಾ ಸಾರ್?" ಎಂದು ಕೇಳಿದೆ.