ಎರವಲು ಹೋದ ದೀಪದ ಕಂಬ

ಸಾವಿರದ ಎಂಟುನೂರ ನಲವತ್ತೇಳರಲ್ಲಿ ಪ್ರಷ್ಯದ ಹೆಲ್ಮ್‌ರೋಡೆ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗವು ಪ್ರೊಫೆಸರ್ ಟ್ರೌಗಾಟ್ ಹೆಲ್ವಿಗ್ ಅವರ ಅಡುಗೆಮನೆಯಲ್ಲಿತ್ತು. ಬೇರೆ ಜಾಗ ಇರಲಿಲ್ಲ. ಬೇಕು ಅಂತ ಯಾರಿಗೂ ಅನಿಸಿರಲಿಲ್ಲ.

ಹೆಲ್ವಿಗ್ ಅಯಸ್ಕಾಂತದ ಸೂಜಿ ನೋಡುತ್ತಿದ್ದರು. ಹೆಂಡತಿ ಅಡೆಲ್‌ಹೈಡ್ ಪಕ್ಕದಲ್ಲಿ ದೀಪ ಹಿಡಿದು ನಿಲ್ಲುತ್ತಿದ್ದಳು. ಸೂಜಿ ಅಲುಗಬಾರದೆಂದು ಉಸಿರು ಬಿಗಿಹಿಡಿಯುತ್ತಿದ್ದಳು. ಆಮೇಲೆ ಅದೇ ಮೇಜಿನ ಮೇಲೆ ಬಟಾಣಿ ಸೂಪು.

ಹೆಲ್ವಿಗ್ ಅವರಿಗೆ ಪೂರ್ಣ ಪ್ರೊಫೆಸರ್ ಆಗುವ ಆಸೆ. ಸಂಸ್ಥೆ ಇಲ್ಲದವನಿಗೆ ಆ ಪೀಠವಿಲ್ಲ ಎಂಬುದು ನಿಯಮ. ಅವರೇ ಅರ್ಜಿ ಬರೆದರು. ಅಡುಗೆಮನೆಯನ್ನು 'ರಾಜಮಾನ್ಯ ಭೌತಶಾಸ್ತ್ರ ಸಂಸ್ಥೆ' ಎಂದು ಘೋಷಿಸಲಾಯಿತು. ಪೀಠ ಸಿಕ್ಕಿತು. ಮರುದಿನ ಬೆಳಿಗ್ಗೆ ವಿಶ್ವವಿದ್ಯಾಲಯದ ದಫೇದಾರ ಕ್ನೋಬೆಲ್ ಬಂದು ಒಲೆಯ ಮುಂದೆ ನಿಂತ.

"ಅಮ್ಮಾವ್ರೇ, ಒಳಗೆ ಬರಂಗಿಲ್ಲ. ಸಂಸ್ಥೆಯೊಳಗೆ ಹೆಂಗಸರಿಗೆ ಪ್ರವೇಶ ಇಲ್ಲ."

"ಒಲೆ ಮೇಲೆ ಸೂಪಿದೆಯಲ್ಲಪ್ಪಾ!"

"ಸೂಪಿಗೆ ಅಡ್ಡಿ ಇಲ್ಲ."

ಅಡೆಲ್‌ಹೈಡ್ ಗಂಡನ ಕಡೆ ತಿರುಗಿದಳು. "ನಿಮ್ಮದೇ ಅರ್ಜಿ ತಾನೇ, ದೊಡ್ಡ ಮನುಷ್ಯರೇ? ಈಗ ನೀವೇ ಕಲಕಿ."

ಕಲಕಿದರು. ಸೂಪು ಸೀದುಹೋಯಿತು. ದೀಪ ಹಿಡಿಯುವವರಿಲ್ಲದೆ ಸೂಜಿಯೂ ಕಾಣಲಿಲ್ಲ. ಹೆಲ್ವಿಗ್ ಮತ್ತೊಂದು ಅರ್ಜಿ ಬರೆದರು. ಓದಿದವರಲ್ಲವೇ.

ಆಡಳಿತ ಮಂಡಳಿ ದೀರ್ಘವಾಗಿ ಚರ್ಚಿಸಿ ಪ್ರಕಟಿಸಿತು: "ಹೆಂಗಸರಿಗೆ ಪ್ರವೇಶವಿಲ್ಲ. ಉಪಕರಣಗಳಿಗೆ ಉಂಟು. ಆದಕಾರಣ ಶ್ರೀಮತಿ ಹೆಲ್ವಿಗ್ ಅವರನ್ನು 'ದೀಪದ ಕಂಬ, ನಡೆದಾಡುವ ಬಗೆಯದು' ಎಂದು ಸಂಸ್ಥೆಯ ಸ್ವತ್ತಿಗೆ ಸೇರಿಸಿಕೊಳ್ಳಲಾಗಿದೆ."

"ಕಂಬ ಅಡುಗೆ ಮಾಡಬಹುದಾ?" ಎಂದಳು ಅಡೆಲ್‌ಹೈಡ್.

"ಬೇಡ ಅಂತ ಎಲ್ಲೂ ಇಲ್ಲ, ಅಮ್ಮಾವ್ರೇ," ಎಂದ ಕ್ನೋಬೆಲ್. ವರ್ಷಕ್ಕೊಮ್ಮೆ ಬಂದು, ಕಂಬ ಇದೆಯೇ ಎಂದು ನೋಡಿ, ಸೂಪು ಕುಡಿದು ಹೋಗುತ್ತಿದ್ದ.

ಬಹಳ ಕಾಲ ಹೀಗೇ ನಡೆಯಿತು. ಒಂದು ಫೆಬ್ರವರಿಯಲ್ಲಿ ಅಡೆಲ್‌ಹೈಡ್ ಜ್ವರ ಬಂದು ತೀರಿಕೊಂಡಳು.

ಶವಪೆಟ್ಟಿಗೆ ಎತ್ತುವಾಗ ಕ್ನೋಬೆಲ್ ಟೋಪಿ ತೆಗೆದು ಬಾಗಿಲಿಗೆ ಅಡ್ಡ ನಿಂತ.

"ತಪ್ಪು ತಿಳೀಬೇಡಿ, ಪ್ರೊಫೆಸರ್ ಸಾಹೇಬ್ರೇ. ಸಂಸ್ಥೆಯ ಸ್ವತ್ತು ಹೊರಗೆ ಹೋಗಂಗಿಲ್ಲ. ಎರವಲು ಅಂದ್ರೆ ಹೋಗ್ಬಹುದು. ಒಂದು ವರ್ಷಕ್ಕೆ."

ಪಾದ್ರಿ ಹಿಮದಲ್ಲಿ ಕಾಯುತ್ತಿದ್ದರು. ಹೆಲ್ವಿಗ್ ಎರವಲು ಚೀಟಿಗೆ ರುಜು ಹಾಕಿದರು. ನಿಯಮ ಸರಿಯಾಗಿಯೇ ಇತ್ತು. ಅರ್ಜಿ ಅವರದೇ.

ಆಮೇಲೆ ಪ್ರತಿ ಫೆಬ್ರವರಿ ಕ್ನೋಬೆಲ್ ಬರುತ್ತಿದ್ದ. ಹೆಲ್ವಿಗ್ ಸೂಪು ಬಡಿಸುತ್ತಿದ್ದರು. ತಳ ಹತ್ತಿರುತ್ತಿತ್ತು. ಇಬ್ಬರೂ ಅದನ್ನೇ ಕುಡಿಯುತ್ತಿದ್ದರು.

"ಈ ವರ್ಷ ವಾಪಸ್ ತರ್ತೀರಾ, ಸಾಹೇಬ್ರೇ?"

"ಈ ವರ್ಷ ಆಗಲಿಕ್ಕಿಲ್ಲ, ಕ್ನೋಬೆಲ್."

"ಇರ್ಲಿ ಬಿಡಿ. ಬೇರೆ ಯಾರೂ ಎರವಲು ಕೇಳಿಲ್ಲ," ಎಂದು ಕ್ನೋಬೆಲ್ ಇನ್ನೊಂದು ವರ್ಷಕ್ಕೆ ಮುದ್ರೆ ಒತ್ತುತ್ತಿದ್ದ.