ಸಾವಿರಕ್ಕೆ ನಾನೂರ ಮೂವತ್ತು ಕಡಿಮೆ

ತಾರೀಖುಗಳಿಗೂ ನನಗೂ ಏನು ಹಗೆಯೋ ತಿಳಿಯದು. ಕೋಲ್ಕತ್ತದ ಬಿಬಿಡಿ ಬಾಗ್‌ನ ಒಂದು ಬ್ಯಾಂಕಿನಲ್ಲಿ ನನ್ನದು ಪಿಂಚಣಿ ವಿಭಾಗ. ಅಲ್ಲಿ ಯಾರ ವಯಸ್ಸನ್ನೂ ‘ಸುಮಾರು’ ಎಂದು ಬರೆಯುವಂತಿಲ್ಲ. ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ ಎಂದೇ ಬರೆಯಬೇಕು. ಇಷ್ಟು ಕಾಲ ಅದನ್ನೇ ಮಾಡಿದವನಿಗೆ ಲೆಕ್ಕ ಸಲೀಸಾಗಬೇಕಿತ್ತು. ಆಗಿಲ್ಲ. ಎಲ್ಲೋ ಒಂದು ದಿನ ತಪ್ಪಿರಬೇಕು ಎಂಬ ಅಳುಕು ಊಟದ ಡಬ್ಬಿ ತೆರೆದಾಗಲೂ ಬಿಡುವುದಿಲ್ಲ. ಅಳುಕುವವನ ವಿಳಾಸ ಹುಡುಕಿಕೊಂಡೇ ಇಂಥ ಪ್ರಸಂಗಗಳು ಬರುತ್ತವೆ.

ಜೂನ್ ಒಂದು

ಒಂದು ಕಾಲಕ್ಕೆ ನಮ್ಮ ಕಚೇರಿಯಲ್ಲಿ ಕನ್ನಡಿಗರು ಮೂವರಿದ್ದೆವು. ಒಂದು ದಿನ ಬಂಗಾಳಿ ಮ್ಯಾನೇಜರ್ ನನ್ನನ್ನು ಕರೆಸಿ ಬಾಗಿಲು ಮುಚ್ಚಿದರು. ಎಲ್ಲೋ ಒಂದು ದಿನ ತಪ್ಪಿದೆ ಎಂದುಕೊಂಡೆ. ಮೇಜಿನ ಮೇಲೆ ನಮ್ಮ ಮೂವರ ಸೇವಾ ಕಡತಗಳಿದ್ದವು. ಹುಟ್ಟಿದ ವರ್ಷ ಬೇರೆ ಬೇರೆ, ದಿನ ಮಾತ್ರ ಮೂರರಲ್ಲೂ ಜೂನ್ ಒಂದು. ಇದನ್ನು ಮೇಲಧಿಕಾರಿಗಳಿಗೆ ವರದಿ ಮಾಡಬೇಕಾದೀತೇ ಎಂದು ಮೆಲ್ಲಗೆ ಕೇಳಿದರು.

ನಾನು ವಿವರಿಸಿದೆ. ನಮ್ಮಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ತಂದೆಗೆ ತಾರೀಖು ನೆನಪಿರುತ್ತಿರಲಿಲ್ಲ. ಹೆಡ್ ಮಾಸ್ತರು ಮಗುವಿನ ಎತ್ತರ ನೋಡಿ ವರ್ಷ ಊಹಿಸುತ್ತಿದ್ದರು. ಶಾಲೆ ಶುರುವಾಗುವುದು ಜೂನ್‌ನಲ್ಲಾದ್ದರಿಂದ ದಿನ ಊಹಿಸುವ ತೊಂದರೆ ಇರಲಿಲ್ಲ. ಇದರಿಂದ ನನಗೆ ಲಾಭವೇನೂ ಇಲ್ಲ ಎಂದೂ ಸೇರಿಸಿದೆ. ಒಂದನೇ ತಾರೀಖಿಗೆ ಹುಟ್ಟಿದವನು ಹಿಂದಿನ ತಿಂಗಳ ಕೊನೆಗೇ ನಿವೃತ್ತನಾಗಬೇಕು. ಮಾಸ್ತರು ಎರಡು ಎಂದು ಬರೆದಿದ್ದರೆ ಇನ್ನೊಂದು ತಿಂಗಳು ಈ ಕುರ್ಚಿಯಲ್ಲಿರುತ್ತಿದ್ದೆ.

ಮ್ಯಾನೇಜರ್ ಕಡತಗಳನ್ನು ಕಟ್ಟಿಡುತ್ತಾ ಕೇಳಿದರು: “ಹಾಗಾದರೆ ವರ್ಷದ ಉಳಿದ ದಿನ ನಿಮ್ಮ ಕಡೆಯ ಸೂಲಗಿತ್ತಿಯರು ಏನು ಮಾಡುತ್ತಿದ್ದರು?”

ಹೆಚ್ಚಿದ ಒಂದು ದಿನ

ಉತ್ತರ ಕೋಲ್ಕತ್ತದಿಂದ ಒಬ್ಬ ವೃದ್ಧರು ಅರ್ಜಿ ಹಿಡಿದು ಬಂದರು. ‘ಇಂದಿಗೆ ವಯಸ್ಸು’ ಎಂಬ ಜಾಗ ಖಾಲಿಯಿತ್ತು. ನಾನು ಕಾಗದದ ಮೇಲೆ ಕಳೆದೆ, ಪಕ್ಕದ ಗುಮಾಸ್ತೆ ಕಂಪ್ಯೂಟರಿನಲ್ಲಿ ಕಳೆದರು. ಒಂದು ದಿನದ ವ್ಯತ್ಯಾಸ ಬಂತು. ಹುಟ್ಟಿದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂಬುದು ತಕರಾರು. ಆಕೆ ಹಿಡಿಯಬೇಕು ಎಂದರು, ನಾನು ಬಿಡಬೇಕು ಎಂದೆ. ಹಳೆಯ ಸುತ್ತೋಲೆಗಳನ್ನು ತೆಗೆಸಿದೆವು. ಸಂಜೆಯಾಯಿತು. ನಾಳೆ ಬನ್ನಿ ಎಂದು ಅವರನ್ನು ಕಳಿಸಿದೆವು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಲಿಲ್ಲ. ಬೆಳಿಗ್ಗೆ ಬೇಗ ಹೋಗಿ ನಿಯಮ ಹುಡುಕಿದೆ. ನಾನೇ ಸರಿ ಇದ್ದೆ. ವೃದ್ಧರು ಬಂದಾಗ ಅರ್ಜಿಯನ್ನು ತುಂಬಿಯೇ ಇಟ್ಟಿದ್ದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

“ಇದು ನಿನ್ನೆಯ ವಯಸ್ಸು, ದಾದಾ. ನೀವಿಲ್ಲಿ ಚರ್ಚೆ ಮಾಡುತ್ತಿದ್ದಾಗ ನಾನು ಮನೆಯಲ್ಲಿ ಒಂದು ದಿನ ಬೆಳೆದೆ.”

ಹೊಡೆದುಹಾಕಿ ಮತ್ತೆ ಬರೆದೆ. ಅದು ಹಿಂದಿನ ದಿನ ಗುಮಾಸ್ತೆ ಹೇಳಿದ್ದ ಸಂಖ್ಯೆಯೇ ಆಗಿತ್ತು.

ಪಾಯೇಶ್

ನನ್ನ ಅಮ್ಮ ಉಡುಪಿ ಕಡೆಯವರು. ಅಪ್ಪ ಹೋದ ಮೇಲೆ, ಹನ್ನೊಂದು ವರ್ಷದ ಹಿಂದೆ, ನಮ್ಮ ಫ್ಲ್ಯಾಟಿಗೆ ಬಂದರು. ಅವರ ಜನ್ಮದಿನ ಖಚಿತವಾಗಿ ಗೊತ್ತು. ಕೃಷ್ಣಾಷ್ಟಮಿಯ ಮರುದಿನ ಹುಟ್ಟಿದ್ದೆಂದು ಅಜ್ಜ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದರು. ಆದರೆ ಗುರುತಿನ ಚೀಟಿ ಮಾಡಿಸುವಾಗ ಅಮ್ಮ ವರ್ಷ ಮಾತ್ರ ಹೇಳಿದರು. ಬರೆಯುವವರು ಜನವರಿ ಒಂದು ಎಂದು ಹಾಕಿದರು.

ಕಳೆದ ಡಿಸೆಂಬರ್ ಕೊನೆಯಲ್ಲಿ ಅಮ್ಮನಿಗೆ ನ್ಯುಮೋನಿಯಾ ಆಯಿತು. ಒಂಬತ್ತು ದಿನ ಆಸ್ಪತ್ರೆ. ಮೊದಲ ಮೂರು ದಿನ ಏನೂ ತಿನ್ನಲಿಲ್ಲ. ತಿನ್ನದಿದ್ದರೆ ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಕಾರಿಡಾರಿನಲ್ಲಿ ನಿಂತು ಅಮ್ಮನ ವಯಸ್ಸನ್ನು ದಿನಗಳಲ್ಲಿ ಲೆಕ್ಕ ಹಾಕುತ್ತಿದ್ದೆ. ಬೇರೇನು ಮಾಡಬೇಕೆಂದು ತೋಚಿರಲಿಲ್ಲ.

ಜನವರಿ ಒಂದರ ಬೆಳಿಗ್ಗೆ ನರ್ಸ್ ನಗುತ್ತಾ ಬಟ್ಟಲು ಹಿಡಿದು ಬಂದಳು. ಗುರುತಿನ ಚೀಟಿಯ ತಾರೀಖು ನೋಡಿ, ಹುಟ್ಟುಹಬ್ಬವೆಂದು ತನ್ನ ಮನೆಯಿಂದ ಹೊಸ ಬೆಲ್ಲದ ಪಾಯೇಶ್, ಅಂದರೆ ಬಂಗಾಳಿ ಪಾಯಸ, ತಂದಿದ್ದಳು. ತಪ್ಪು ತಾರೀಖು ಕಂಡರೆ ತಿದ್ದದೆ ಇರಲಾರದ ನಾನು ಬಾಯಿ ತೆರೆದೆ. ಅಮ್ಮ ಕಣ್ಣಲ್ಲೇ ತಡೆದರು. ಬಟ್ಟಲು ಖಾಲಿಯಾದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು:

“ಈಗ ಬೇಕಾದ್ರೆ ಹೇಳು.”

ಸಾವಿರ ಚಂದ್ರ

ಅಮ್ಮ ಮನೆಗೆ ಬಂದರು. ನನ್ನ ಹೆದರಿಕೆ ಮಾತ್ರ ಆಸ್ಪತ್ರೆಯಿಂದ ಬಿಡುಗಡೆಯಾಗಲಿಲ್ಲ. ಬೆಳಿಗ್ಗೆ ಬಾಲ್ಕನಿಗೆ ಹೋದರೂ ಮಂಕಿ ಕ್ಯಾಪ್ ಹಾಕಿಸುತ್ತಿದ್ದೆ.

ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಸಹಸ್ರಚಂದ್ರ ಶಾಂತಿ ಅಮ್ಮನಿಗೂ ಆಗಬೇಕಿತ್ತು. ಇಲ್ಲೇ ನೆಲೆಸಿರುವ ನಮ್ಮೂರ ಕಡೆಯ ಭಟ್ಟರನ್ನು ಕೇಳಿದೆ. ಎಂಬತ್ತು ವರ್ಷ ಎಂಟು ತಿಂಗಳಿಗೆ ಮಾಡುವುದು ರೂಢಿ, ವೈಶಾಖದಲ್ಲಿ ಬರುತ್ತದೆ ಎಂದರು. ನಗರದಂಚಿನ ಜೋಕಾದ ಕಾಲೇಜಿನಲ್ಲಿ ಓದುವ ನನ್ನ ಮಗಳು ಫೋನಿನಲ್ಲಿ ಲೆಕ್ಕ ಹಾಕಿದಳು. ಅಂದಿಗೆ ಒಂಬೈನೂರ ತೊಂಬತ್ತೆಂಟು ಹುಣ್ಣಿಮೆಯಷ್ಟೇ ಆಗುತ್ತದೆ, ಸಾವಿರ ತುಂಬುವುದು ಆಷಾಢದಲ್ಲಿ ಎಂದಳು. ಆಷಾಢದಲ್ಲಿ ಶುಭಕಾರ್ಯ ಇಲ್ಲ, ಹಾಗಾಗಿ ಶ್ರಾವಣ.

ವೈಶಾಖವೇ ಇರಲಿ ಎಂದೆ. ಅಮ್ಮ ಒಪ್ಪಲಿಲ್ಲ. ಎರಡು ಕಡಿಮೆ ಇಟ್ಟುಕೊಂಡು ಸಾವಿರ ಅನ್ನುವುದು ಹೇಗೆ ಎಂದರು. ಬ್ಯಾಂಕಿನವನಾಗಿ ನೀನೇ ಹೀಗೆ ಹೇಳುವುದಾ ಎಂದು ಚುಚ್ಚಿದರು. ಶ್ರಾವಣದವರೆಗೆ ಕಾಯಲು ನನಗೆ ಧೈರ್ಯವಿಲ್ಲ ಎಂದು ಅವರೆದುರು ಹೇಗೆ ಹೇಳಲಿ? ಹಾಲ್ ಸಿಗುವುದಿಲ್ಲ ಎಂದೆ. ಮಂಗಳೂರಿನ ತಂಗಿಗೆ ರೈಲು ಟಿಕೆಟ್ ಸಿಗುವುದಿಲ್ಲ ಎಂದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಾ ಕೂತರು. ಮರುದಿನ ಸಂಜೆ ಮೊಮ್ಮಗಳನ್ನು ಕರೆದು, ಬರೆದುಕೋ ಎಂದರು.

“ಸುರುವಿನ ಮೂರು ವರ್ಷ ನಾನು ತೊಟ್ಟಿಲು, ಅಮ್ಮನ ಸೊಂಟ. ಚಂದ್ರನನ್ನು ನೋಡಿದ್ದು ಯಾರಿಗೆ ನೆನಪುಂಟು? ಅದು ಅಧಿಕ ಮಾಸ ಸೇರಿ ಮೂವತ್ತೇಳು ಹೋಯ್ತು. ಮತ್ತೆ ಊರಿನಲ್ಲಿ ಅರವತ್ತೇಳು ವರ್ಷ. ಮಳೆಗಾಲ ನಾಲ್ಕು ತಿಂಗಳು ಆಕಾಶವೇ ಕಾಣುವುದಿಲ್ಲ. ಅದೆಷ್ಟು?”

ಇನ್ನೂರ ಅರವತ್ತೆಂಟು ಎಂದಳು ಮಗಳು.

“ಇಲ್ಲಿ ಬಂದ ಮೇಲೆ ಕಿಟಕಿ ತೆಗೆದರೆ ಎದುರು ಕಟ್ಟಡದ ಗೋಡೆ. ವರ್ಷಕ್ಕೊಮ್ಮೆ ಇಲ್ಲಿಯವರ ಲಕ್ಷ್ಮೀ ಪೂಜೆಯ ಹುಣ್ಣಿಮೆಗೆ ಟೆರೇಸಿಗೆ ಹೋಗುವುದು, ಅಷ್ಟೇ. ನೋಡದ್ದನ್ನು ನೋಡಿದೆ ಅಂತ ದೇವರೆದುರು ಹೇಳ್ಲಿಕ್ಕೆ ಆಗ್ತದಾ?”

ಹನ್ನೊಂದು ವರ್ಷದ ನೂರ ಮೂವತ್ತಾರು ಹುಣ್ಣಿಮೆಯಲ್ಲಿ ಕಂಡದ್ದು ಹನ್ನೊಂದು, ಕಾಣದ್ದು ನೂರ ಇಪ್ಪತ್ತೈದು. ಒಟ್ಟು ನಾನೂರ ಮೂವತ್ತು. ನಾನೂ ಕಾಗದದ ಮೇಲೆ ಕೂಡಿದೆ. ಈ ಸಲ ವ್ಯತ್ಯಾಸ ಬರಲಿಲ್ಲ.

“ನಾನೂರ ಮೂವತ್ತು ಕಡಿಮೆ ಇರುವಾಗ ಇನ್ನೆರಡರ ಲೆಕ್ಕ ಎಂತಕ್ಕೆ ಮಗಾ? ವೈಶಾಖದಲ್ಲೇ ಮಾಡು. ಬಾಕಿ ಇದ್ದದ್ದನ್ನು ನಾನು ನಿಧಾನಕ್ಕೆ ನೋಡಿ ಮುಗಿಸ್ತೇನೆ.”

ಮಗಳು ಫೋನ್ ಒತ್ತಿ ನೋಡಿದಳು. “ಐನೂರ ಎಪ್ಪತ್ತು ಹುಣ್ಣಿಮೆ ಅಂದ್ರೆ, ಟೆಕ್ನಿಕಲಿ ನಿಮಗೆ ನಲವತ್ತಾರು, ಅಜ್ಜಿ.”

ವೈಶಾಖದ ಒಂದು ಬೆಳಿಗ್ಗೆ ಹಾಲ್‌ನಲ್ಲಿ ಶಾಂತಿ ನಡೆಯಿತು. ಅಮ್ಮನ ಪಕ್ಕದ ಮಣೆಯಲ್ಲಿ ನಾನು. ವಯಸ್ಸು ಐವತ್ತೇಳು, ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕು. ಫ್ಯಾನ್ ಗಾಳಿ ಜೋರಾಯಿತೆಂದು ನಾನು ಅಮ್ಮನಿಗೆ ಶಾಲು ಹೊದಿಸುತ್ತಿದ್ದೆ. ಸಂಕಲ್ಪಕ್ಕೆ ಮೊದಲು ಭಟ್ಟರು ಮಾತಿಗೆಂದು, ವಯಸ್ಸೆಷ್ಟಾಯಿತಮ್ಮ ಎಂದು ಕೇಳಿದರು.

“ನಲವತ್ತಾರು,” ಎಂದರು ಅಮ್ಮ.

ಭಟ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಾಗಾದರೆ ಇವರು ಅಣ್ಣನಾ?”

“ಅಣ್ಣನೇ ಇರಬೇಕು,” ಎಂದರು ಅಮ್ಮ, ಶಾಲು ತೆಗೆದು ನನ್ನ ತೊಡೆಯ ಮೇಲಿಡುತ್ತಾ. “ಮಗ ಆಗಿದ್ದರೆ ಒಂದು ಸಲವಾದರೂ ನನ್ನ ಮಾತು ಕೇಳುತ್ತಿದ್ದ.”