ಬಾಯಾರಿದ ಲಾರಿ

"ಚಿದಾನಂದಾ, ಇನ್ಮೇಲೆ ನಿನ್ನ ಲಾರಿ ತನ್ನ ನೀರು ತಾನೇ ಕುಡಿಯುತ್ತೆ!" ಅಂತ ಓಬಳೇಶಣ್ಣ ಎದೆಯುಬ್ಬಿಸಿ ಹೇಳಿದ.

ಓಬಳೇಶಣ್ಣ ನಮ್ಮ ಪಕ್ಕದ ಮನೆಯವನು. ಚಳ್ಳಕೆರೆ ರಸ್ತೆಯಲ್ಲಿ ಲಾರಿ ಗ್ಯಾರೇಜ್ ಇಟ್ಟಿದ್ದಾನೆ. ಕೈಯಲ್ಲಿ ಸ್ಪ್ಯಾನರ್ ಇದ್ದಾಗ ಒಳ್ಳೇ ಮೆಕ್ಯಾನಿಕ್. ವೈರು ಸಿಕ್ಕಿತೋ, ವಿಜ್ಞಾನಿ! ಅವತ್ತು ಕೊರಳಲ್ಲೂ ವೈರು ಸುತ್ತಿಕೊಂಡಿದ್ದ.

ನನ್ನ ಹತ್ತು ಚಕ್ರದ ಲಾರಿಗೊಂದು ಕಾಯಿಲೆ. ಇಂಜಿನ್ ತಣ್ಣಗಿಡುವ ಕೂಲಂಟ್ ಟ್ಯಾಂಕ್ ತುಂಬಿ ತುಳುಕುತ್ತಿದ್ದರೂ 'ಖಾಲಿ, ಖಾಲಿ' ಅಂತ ಕೆಂಪು ದೀಪ ಹೊತ್ತಿಕೊಳ್ಳೋದು, ಬಜರ್ ಕಿರ್ರೋ ಅನ್ನೋದು, ಆಮೇಲೆ ಇಂಜಿನ್ ತಾನಾಗಿ ಬಂದ್! ಮಾರನೇ ದಿನ ತಂಗಿ ತಿಪ್ಪಮ್ಮನ ಮಗಳ ಮದುವೆ. ಅಡುಗೆ ಪಾತ್ರೆ, ಕುರ್ಚಿ ಎಲ್ಲ ನನ್ನ ಲಾರಿಯಲ್ಲೇ ಇದ್ದವು. ಸಂಜೆಯೊಳಗೆ ತಲುಪದಿದ್ದರೆ ಬೀಗರಿಗೆ ಊಟವಿಲ್ಲ, ಕೂರೋಕೆ ಜಾಗವಿಲ್ಲ, ನನಗೆ ತಂಗಿಯೇ ಇಲ್ಲ!

"ಅಣ್ಣಾ, ಆ ದೀಪ ಒಂದು ಸರಿ ಮಾಡಿಕೊಡು, ಸಾಕು."

"ದೀಪ ಯಾರು ಬೇಕಾದರೂ ಸರಿ ಮಾಡ್ತಾರೆ ಕಣೋ!" ಅಂದವನೇ ಟಿಫಿನ್ ಡಬ್ಬಿಯಂಥ ಯಂತ್ರವೊಂದನ್ನು ಸ್ಟೇರಿಂಗ್ ಪಕ್ಕ ಕೂರಿಸಿದ. ಹೆಸರು ಜಲಮಿತ್ರ. ಟ್ಯಾಂಕ್ ಖಾಲಿ ಅಂತ ಗೊತ್ತಾದ ಕೂಡಲೇ ಅದು ಇಂಜಿನ್ ಬಂದ್ ಆಗೋಕೆ ಬಿಡದೆ, ನೀರಿನ ವಾಸನೆ ಹಿಡಿದು, ತಾನೇ ಸ್ಟೇರಿಂಗ್ ತಿರುಗಿಸಿ, ಹತ್ತಿರದ ನೀರಿಗೆ ಹೋಗಿ, ಬಂಪರ್ ಕೆಳಗಿನ ಪೈಪಿನಿಂದ ಹೀರುತ್ತದಂತೆ!

"ಟ್ಯಾಂಕ್ ತುಂಬಿದ್ದೂ ಖಾಲಿ ಅಂದರೆ?"

"ಸುಳ್ಳು ಹೇಳೋಕೆ ಟ್ಯಾಂಕಿನ ಸೆನ್ಸರ್ ಏನು ಮನುಷ್ಯನಾ?"

ಓಬಳೇಶಣ್ಣ ಪಕ್ಕ ಹತ್ತಿ ಕೂತ, ನಾನು ಕೀಲಿ ತಿರುಗಿಸಿದೆ. ಕೆಂಪು ದೀಪ ಹೊತ್ತಿತು. ಬಸ್ ನಿಲ್ದಾಣದ ಮೈಕಿನಂಥ ದನಿ ಬಂತು: "ದಯವಿಟ್ಟು ಗಮನಿಸಿ. ನನಗೆ ಬಾಯಾರಿಕೆಯಾಗಿದೆ."

ಲಾರಿ ಸೀದಾ ಓಬಳೇಶಣ್ಣನ ಹೆಂಡತಿ ಪಾಲಕ್ಕ ಬಟ್ಟೆ ನೆನೆಸಿದ್ದ ಡ್ರಮ್ಮಿಗೆ ಪೈಪು ಹಾಕಿತು! ಸೊರ್ರ್! ಸೋಪಿನ ನೀರೆಲ್ಲ ಮಾಯ, ಜೊತೆಗೆ ಓಬಳೇಶಣ್ಣನ ಲುಂಗಿಯೂ. ಮೊದಲೇ ತುಂಬಿದ್ದ ಟ್ಯಾಂಕು ನೊರೆ ಕಾರಿತು. ದೀಪ ಮಾತ್ರ ಆರಲಿಲ್ಲ.

"ರೀ, ಲುಂಗಿ!" ಅಂತ ಪಾಲಕ್ಕ ಕೂಗುವಷ್ಟರಲ್ಲಿ ನಾವು ಹೆದ್ದಾರಿಯಲ್ಲಿದ್ದೆವು. ಲಾರಿ ಎಳನೀರಿನ ಗಾಡಿ ಕಂಡು ನಿಂತಿತು, ಕೆತ್ತಿಟ್ಟಿದ್ದ ಬುರುಡೆಗಳನ್ನೆಲ್ಲ ಹೀರಿತು.

"ನೋಡ್ದಾ? ಎಳನೀರನ್ನೂ ಗುರುತು ಹಿಡೀತು!" ಓಬಳೇಶಣ್ಣನ ಕಣ್ಣಲ್ಲಿ ಆನಂದಬಾಷ್ಪ.

"ಆಫ್ ಸ್ವಿಚ್ ಎಲ್ಲಿದೆ?"

"ಒಳ್ಳೇ ಯಂತ್ರಕ್ಕೆ ಆಫ್ ಸ್ವಿಚ್ ಯಾಕೋ?"

ಅಷ್ಟರಲ್ಲಿ ಎದುರಿಗೆ ಕೆರೆ ಕಾಣಿಸಿತು.

"ಬ್ರೇಕ್ ಹಾಕೋ!" ಅಂತ ಓಬಳೇಶಣ್ಣ ಚೀರಿದ.

"ಬ್ರೇಕ್ ಮೇಲೆ ನಿಂತೇ ಇದ್ದೀನಿ!"

ಲಾರಿ ಕೆರೆಯ ಏರಿಯಿಂದ ಇಳಿದು ಎಮ್ಮೆಗಳ ಮಧ್ಯೆ ನುಗ್ಗಿ, ಸೊಂಪಾಗಿ ಮೈಚಾಚಿ ನಿಂತಿತು. ಮುಂದಿನಿಂದ ಕೆರೆಯನ್ನು ಹೀರುತ್ತಿತ್ತು, ಮೇಲಿನಿಂದ ಕಾರಂಜಿ ಹಾರಿಸುತ್ತಿತ್ತು! ನಮ್ಮಿಬ್ಬರಿಗೂ ಈಜು ಬಾರದು. ಹಿಂದಿದ್ದ ದೊಡ್ಡ ಕೊಪ್ಪರಿಗೆಯನ್ನು ನೀರಿಗಿಳಿಸಿ, ಅದರೊಳಗೆ ಕೂತೆವು. ಅದು ಗಿರ್ರನೆ ತಿರುಗತೊಡಗಿತು.

"ಅಯ್ಯೋ ತಿಪ್ಪಮ್ಮಾ, ನಿನ್ನ ಅಣ್ಣ ಹೋದ!" ಅಂತ ನಾನು ಅಳುವಾಗಲೇ ಪಾಲಕ್ಕ ಲುಂಗಿ ಹುಡುಕಿಕೊಂಡು ಮೊಪೆಡ್‌ನಲ್ಲಿ ಬಂದಳು. ಸೆರಗು ಸಿಕ್ಕಿಸಿ ನೀರಿಗಿಳಿದಳು.

"ಸೊಂಟದುದ್ದ ನೀರಲ್ಲಿ ಏನ್ರೀ ಇದು ದೋಣಿ ವಿಹಾರ?"

ನಾವು ನಾಚುತ್ತಲೇ ಆರದ ಕೆಂಪು ದೀಪದ ಕತೆ ಹೇಳಿದೆವು. ಪಾಲಕ್ಕ ಕ್ಯಾಬಿನ್ ಹಿಂದೆ ಹತ್ತಿ ಟ್ಯಾಂಕ್ ನೋಡಿದಳು. "ತುಂಬಿದೆಯಲ್ಲ! ಹಾಗಾದರೆ ತಪ್ಪು ಸೆನ್ಸರಿಂದೇ." ಅದರ ವೈರಿನ ಪ್ಲಗ್ ಕಿತ್ತಳು. "ಥೂ! ಎಷ್ಟು ಕಿಲುಬು! ಇಂಥದ್ದರಲ್ಲಿ ಕರೆಂಟ್ ಹೇಗೆ ಹರಿಯುತ್ತೆ?" ಸೆರಗಿನ ಪಿನ್ನು ತೆಗೆದು ಕೆರೆದಳು, ಒರೆಸಿದಳು, ಒತ್ತಿ ಕೂರಿಸಿದಳು.

ಕೆಂಪು ದೀಪ ಆರಿತು! "ಧನ್ಯವಾದಗಳು. ದಾಹ ತೀರಿತು," ಅಂದ ಲಾರಿ ಮೆಲ್ಲಗೆ ಹಿಂದೆ ಸರಿದು ದಡ ಸೇರಿತು.

"ಎರಡೇ ನಿಮಿಷದ ಕೆಲಸ ಅಣ್ಣಾ!" ಅಂದೆ.

"ಅಷ್ಟು ಸುಲಭ ಅಂತ ಯಾರಿಗೆ ಗೊತ್ತಿತ್ತು? ಹೇಳಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ!" ಅಂತ ಓಬಳೇಶಣ್ಣ ಮುಖ ಊದಿಸಿಕೊಂಡ.

ಕೊಪ್ಪರಿಗೆ ಹತ್ತಿಸಿ ಹೊರಟೆವು. ಆದರೆ ನೀರು ನುಗ್ಗಿದ ಹಾರನ್ ನಿಲ್ಲಲೇ ಇಲ್ಲ! ಥೇಟ್ ಕರು ಕರೆಯುವ ಎಮ್ಮೆಯ ದನಿ! ಕೆರೆಯಲ್ಲಿದ್ದ ಹತ್ತೊಂಬತ್ತು ಎಮ್ಮೆಗಳೂ ದಡ ಹತ್ತಿ ನಮ್ಮ ಬೆನ್ನು ಹಿಡಿದವು. ಅವುಗಳ ಹಿಂದೆ ಬೈಯುತ್ತಾ ಓಡಿ ಬರುವ ಅವುಗಳ ಯಜಮಾನ. ಲಾರಿ ಜೋರಾದರೆ ಅವೂ ಜೋರು!

ಸಂಜೆ ನಾಲ್ಕಕ್ಕೆ ಮದುವೆ ಮನೆ ತಲುಪಿದೆವು. ತಿಪ್ಪಮ್ಮ ನನ್ನನ್ನು ಕಂಡು ನಕ್ಕಳು, ನನ್ನ ಹಿಂದೆ ನೋಡಿ ತಲೆ ಮೇಲೆ ಕೈ ಹೊತ್ತಳು. ಚಪ್ಪರದ ತುಂಬ ನೀರು ತೊಟ್ಟಿಕ್ಕುವ ಎಮ್ಮೆಗಳು!

ಗಂಡಿನ ತಂದೆ ಕನ್ನಡಕ ಒರೆಸಿಕೊಂಡು, ಒಂದೊಂದಾಗಿ ಎಲ್ಲವನ್ನೂ ನೋಡಿ, ಸಂಕೋಚದಿಂದ ಹೇಳಿದರು:

"ಚಿದಾನಂದಪ್ಪನವರೇ, ವರದಕ್ಷಿಣೆ ಬೇಡ ಅಂತ ಮೊದಲೇ ಹೇಳಿದ್ವಲ್ಲ?"